ಡಾಕ್ಟರು ಬೈದ ದಿನ

ನನ್ನ ಮೊಮ್ಮಗಳನ್ನು ಡಾಕ್ಟರು ಬಾಯಿ ತುಂಬ ಬೈದರು. ನನ್ನ ಎದುರಿಗೇ ಬೈದರು. ಅವಳಿಗೆ ಏನೂ ಆಗಿಲ್ಲ. ಮೆದುಳಿನಲ್ಲಿ ಇಲ್ಲ, ಕಣ್ಣಿನ ಹಿಂದೆ ಇಲ್ಲ, ಎಲ್ಲಿಯೂ ಏನೂ ಇಲ್ಲ. ಇದನ್ನು ಸಂತೋಷಕ್ಕೆ ಬರೆಯುತ್ತಿದ್ದೇನೋ ದಣಿವಿಗೆ ಬರೆಯುತ್ತಿದ್ದೇನೋ ನನಗೇ ತಿಳಿಯದು. ನಾನು ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ಅಕ್ಷರ ದೊಡ್ಡದು, ಸಾಲು ಸೊಟ್ಟ. ಆದರೂ ಬರೆಯದೆ ಇರಲಾಗುತ್ತಿಲ್ಲ, ತುಂಬಿದ ಕೊಡ ಹೊತ್ತವನು ಎಷ್ಟು ಜೋಪಾನವಾಗಿ ನಡೆದರೂ ನೀರು ತುಳುಕುತ್ತದಲ್ಲ, ಹಾಗೆ.

ನಮ್ಮದು ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿ. ಮನೆಯಲ್ಲಿ ನಾನು, ನನ್ನ ಮನೆಯಾಕೆ, ಮಗ, ಸೊಸೆ, ಮತ್ತು ಈ ಒಬ್ಬಳೇ ಮೊಮ್ಮಗಳು. ಮಗಳನ್ನು ಹಿರೇಕೆರೂರು ಕಡೆಯ ಚಿಕ್ಕೇರೂರಿಗೆ ಕೊಟ್ಟಿದ್ದೇವೆ. ಮೊಮ್ಮಗಳು ಶಿಗ್ಗಾಂವಿಗೆ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಾಳೆ. ಅವಳ ಮೇಲಿನ ಹಲ್ಲು ಸ್ವಲ್ಪ ಮುಂದೆ ಬಂದಿದ್ದವು. ನಮಗಾರಿಗೂ ಅದು ಕಂಡಿರಲೇ ಇಲ್ಲ. ಅವಳಿಗೆ ಕಂಡಿತು. ಹಟ ಹಿಡಿದು ಸವಣೂರಿನಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಕ್ಲಿಪ್ಪು ಹಾಕಿಸಿಕೊಂಡಳು. ಆವತ್ತಿನಿಂದ ಒಣಗಿಸಿದ ಕಟಕ್ ರೊಟ್ಟಿ ಬಂದ್, ಕಬ್ಬು ಬಂದ್, ಹುರಿದ ಶೇಂಗಾ ಬಂದ್. ಬಿಸಿ ರೊಟ್ಟಿಯನ್ನೂ ಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದಳು. ನನ್ನ ಮನೆಯಾಕೆ ನೋಡಿ ನೋಡಿ, "ಬಾಯಿಗೆ ತಂತಿ ಬೇಲಿ ಹಾಕ್ಕೊಂಡಾಳ್ರೀ, ದನಾ ಹೊಕ್ಕು ಮೇಯ್ತಾವಂತ," ಎಂದು ನಗುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳಿಗೆ ತಲೆನೋವು ಸುರುವಾಯಿತು. ಒಂದೇ ಕಡೆ. ವಾಂತಿ ಬರುವುದು, ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುವುದು. ಒಮ್ಮೆ ಶಿಗ್ಗಾಂವಿ ಬಸ್‌ ಸ್ಟ್ಯಾಂಡಿನಲ್ಲಿ ಎಡಗಣ್ಣಿಗೆ ಮಬ್ಬು ಕವಿದು ಕೆಳಗೇ ಕುಳಿತುಬಿಟ್ಟಳು. ಗೆಳತಿಯರು ಹಿಡಿದುಕೊಂಡು ಮನೆಗೆ ತಂದು ಬಿಟ್ಟರು. ಶಿಗ್ಗಾಂವಿಯ ಕಣ್ಣಿನ ಡಾಕ್ಟರು ಕನ್ನಡಕ ಬರೆದುಕೊಟ್ಟರು, ನೋವು ಹೋಗಲಿಲ್ಲ. ಆಮೇಲೆ ಹುಬ್ಬಳ್ಳಿಯ ತಲೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಹೆಣ್ಣು ಡಾಕ್ಟರು, ನಮ್ಮ ಕಡೆಯ ಮಾತಿನವರೇ. ಎಂ.ಆರ್.ಐ ಆಗಬೇಕು ಎಂದರು. ಮಷಿನ್ನಿನವರು ಕ್ಲಿಪ್ಪು ನೋಡಿ, ಗಟ್ಟಿಯಾಗಿ ಅಂಟಿಸಿದೆ, ಕಿತ್ತು ಬರುವುದಿಲ್ಲ, ಇರಲಿ ಎಂದರು. ಹಾಗೇ ಒಳಗೆ ಕಳಿಸಿದರು.

ಫಿಲ್ಮು ಬಂತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದರು. ನಾನೂ ಮಗನೂ ಹಿಂದೆ ನಿಂತು ನೋಡಿದೆವು. ಹಣೆಯ ಕೆಳಗೆ, ಮೂಗಿನ ಸುತ್ತ ಕಪ್ಪನೆಯ ದೊಡ್ಡ ಕಲೆ, ಹಂಚಿನ ಮೇಲೆ ಸುಟ್ಟು ತೂತಾದ ರೊಟ್ಟಿಯ ಹಾಗೆ. ಮಗ ನನ್ನ ಕೈ ಹಿಡಿದ. ಮೀಸೆ ಬಂದ ಮೇಲೆ ಅವನು ನನ್ನ ಕೈ ಹಿಡಿದವನಲ್ಲ.

"ಕುಂದರ್ರಿ ಅಜ್ಜಾರ," ಎಂದರು ಡಾಕ್ಟರು. ತಾವೇ ಕುರ್ಚಿ ಸರಿಸಿಕೊಟ್ಟರು. "ಈ ವರ್ಷ ಬೆಳಿ ಹೆಂಗೈತ್ರಿ ನಿಮ್ಮ ಕಡೆ?"

"ಗೋವಿನಜೋಳ ಚಲೋ ಬಂದೈತ್ರಿ," ಎಂದೆ.

"ಹಲ್ಲಿನ ಕ್ಲಿಪ್ಪಿನ ಸಲುವಾಗಿ ಚಿತ್ರ ಕೆಟ್ಟೈತ್ರಿ. ಕಣ್ಣಿನ ಹಿಂದಿಂದು ನಾ ನೋಡಬೇಕಾಗಿತ್ತು, ಅದ ಕಾಣವಲ್ದು. ಕ್ಲಿಪ್ಪು ತಗಿಸಿಕೊಂಡು ಬರ್ರಿ, ಇನ್ನೊಮ್ಮೆ ಮಾಡೂಣು. ಗಾಬರಿ ಆಗಬ್ಯಾಡ್ರಿ, ಏನೂ ಇಲ್ಲ."

ಎಷ್ಟು ಮೆತ್ತಗೆ ಹೇಳಿದರು! ಆ ಮೆತ್ತನೆಯ ದನಿಯೇ ನನ್ನನ್ನು ಕೊಂದಿತು. ಯಾಕೆ ಅನ್ನುವುದನ್ನು ಹೇಳಬೇಕು.

ನಮ್ಮ ಊರಿನಲ್ಲಿ ಹಿಂದೆ ಯಾರಾದರೂ ತೀರಿಕೊಂಡರೆ ಬೇರೆ ಊರಿನ ಬೀಗರಿಗೆ ಸುದ್ದಿ ಮುಟ್ಟಿಸಲು ನನ್ನನ್ನು ಕಳಿಸುತ್ತಿದ್ದರು. ನನ್ನ ಹತ್ತಿರ ಸೈಕಲ್ಲು ಇತ್ತು, ಅದು ಒಂದು. ನನಗೆ ಹೇಳುವ ರೀತಿ ಗೊತ್ತಿತ್ತು, ಅದು ಇನ್ನೊಂದು. ಸವಣೂರಿಗೆ, ಹಾನಗಲ್ಲಿಗೆ ಸೈಕಲ್ಲು ತುಳಿದಿದ್ದೇನೆ. ಹಿರೇಕೆರೂರು ಕಡೆಗಾದರೆ ಬಸ್ಸು ಹತ್ತಿದ್ದೇನೆ. ಸಾವಿನ ಸುದ್ದಿಯನ್ನು ನಮ್ಮಲ್ಲಿ ಯಾರೂ ನೆಟ್ಟಗೆ ಹೇಳುವುದಿಲ್ಲ. ಬಾಗಿಲಲ್ಲಿ ನಿಂತು ಮೊದಲು ಮಳೆ ಬೆಳೆ ಕೇಳಬೇಕು. ಮನೆಯ ಗಂಡಸನ್ನು ಹೊರಗೆ ಕರೆಯಬೇಕು. ಆಮೇಲೆ, "ಸ್ವಲ್ಪ ಆರಾಮಿಲ್ಲ, ಬಂದು ಮಾತಾಡಿಸಿ ಹೋಗ್ರಿ. ಗಾಬರಿ ಆಗಬ್ಯಾಡ್ರಿ, ಏನೂ ಇಲ್ಲ," ಎನ್ನಬೇಕು. ಹೆಣ್ಣುಮಕ್ಕಳು ಬಸ್ಸು ಹತ್ತಿ, ಊರು ಬಂದು, ಮನೆಯ ಮುಂದೆ ಜನ ಕೂಡಿದ್ದು ಕಣ್ಣಿಗೆ ಬೀಳುವವರೆಗೆ ಅವರಿಗೆ ಗೊತ್ತಾಗಬಾರದು. ಅಷ್ಟು ದೂರದ ದಾರಿಯನ್ನು ಅಳುತ್ತ ಕಳೆಯಬಾರದು ಎಂದು ಹಿರಿಯರು ಮಾಡಿದ ಪದ್ಧತಿ ಅದು. ಅದರಲ್ಲಿ ಕರುಣೆ ಇದೆ.

ಆದರೆ ಗೊತ್ತಾಗದೆ ಇರುತ್ತದೆಯೇ? ಒಮ್ಮೆ ಅಬಲೂರಿನಲ್ಲಿ ಒಬ್ಬಾಕೆ ಹಿಟ್ಟು ನಾದುತ್ತಿದ್ದವಳು ನನ್ನನ್ನು ಕಂಡು, ನಾನು ಬಾಯಿ ತೆರೆಯುವ ಮೊದಲೇ, "ನಮ್ಮಪ್ಪ ಹೋದನೇನೋ ಯಣ್ಣಾ?" ಎಂದಳು. "ಏನೂ ಇಲ್ಲವ್ವಾ, ಸುಮ್ನ ಬಾ," ಎಂದೆ ನಾನು. ಅವಳು ಹಿಟ್ಟಿನ ಕೈ ತೊಳೆಯದೆ ಬಂದಳು. ಬಸ್ಸಿನಲ್ಲಿ ನನ್ನ ಪಕ್ಕ ಆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು. ಏನೂ ಇಲ್ಲ ಅನ್ನುವ ಮಾತಿನ ಅರ್ಥ ನಮ್ಮ ಕಡೆ ಎಲ್ಲರಿಗೂ ಗೊತ್ತು. ಈಗ ಸೈಕಲ್ಲು ಹೋಗಿ ಫೋನು ಬಂದಿದೆ. ಆದರೂ ಇಂಥ ಫೋನು ಮಾಡುವುದಿದ್ದರೆ ಊರವರು ನನ್ನ ಕೈಗೇ ಕೊಡುತ್ತಾರೆ.

ಹೀಗಿರುವಾಗ ಆ ಡಾಕ್ಟರು ಕುರ್ಚಿ ಕೊಟ್ಟು, ಬೆಳೆ ಕೇಳಿ, ಗಾಬರಿ ಆಗಬೇಡಿ ಎಂದರೆ ನಾನು ಏನು ತಿಳಿಯಬೇಕು? ಕ್ಲಿಪ್ಪಿನ ಮಾತು ಬರೀ ನೆಪ ಎಂದುಕೊಂಡೆ. ನಮ್ಮನ್ನು ಬಸ್ಸು ಹತ್ತಿಸುತ್ತಿದ್ದಾರೆ ಎಂದುಕೊಂಡೆ. ಮಗನೂ ಹಾಗೇ ತಿಳಿದ. ಮನೆಗೆ ಬಂದು ಇಬ್ಬರೂ ಕಲೆಯ ಮಾತು ಎತ್ತಲಿಲ್ಲ. "ಇನ್ನೊಮ್ಮೆ ಚಿತ್ರಾ ತಗಿಸಬೇಕಂತ, ಏನೂ ಇಲ್ಲಂತ," ಎಂದೆ. ನನ್ನ ಮನೆಯಾಕೆ ಒಲೆಯ ಮುಂದೆ ಇದ್ದವಳು ನನ್ನ ಮುಖ ನೋಡಿದಳು. ಇಷ್ಟು ವರ್ಷ ಜೊತೆಗೆ ಬಾಳಿದವಳಿಗೆ ಆ ದನಿ ತಿಳಿಯುವುದಿಲ್ಲವೇ?

ಅಲ್ಲಿಂದ ನಮ್ಮ ಮನೆ ಸಿಹಿಯಾಗಿಬಿಟ್ಟಿತು. ಆ ಸಿಹಿಯನ್ನು ಹೊತ್ತು ಹೊತ್ತು ನಾನು ದಣಿದುಹೋದೆ. ನಮ್ಮದು ಬೈದಾಡುವ ಮನೆ. ಸೊಸೆಯ ಬಾಯಿ ಜೋರು, ಮಗನದು ಇನ್ನೂ ಜೋರು, ನನ್ನ ಮನೆಯಾಕೆಯದು ಇಬ್ಬರಿಗಿಂತ ಮೇಲು. ಮುಂಜಾನೆ ಆ ಹುಡುಗಿ ಏಳುವುದರಿಂದ ಹಿಡಿದು ಜಡೆ ಹಾಕಿಕೊಂಡು ಬಸ್ಸಿಗೆ ಓಡುವವರೆಗೆ ಬೈಗುಳದ ಮೇಲೆ ಬೈಗುಳ. ಈಗ ಎಲ್ಲ ನಿಂತಿತು. "ಏಳವ್ವಾ," "ಉಣ್ಣವ್ವಾ," "ಇರಲಿ ಬಿಡವ್ವಾ." ಚಿಕ್ಕೇರೂರಿನಿಂದ ಮಗಳು ಬಂದು, ಸೊಸೆಯ ಮುಂದೆ ನಕ್ಕು, ದನ ಕಟ್ಟುವ ಹಕ್ಕೆಯ ಕಡೆ ಹೋಗಿ ಎಮ್ಮೆಯ ಬೆನ್ನಿಗೆ ಮುಖ ಹಚ್ಚಿ ಅತ್ತಳು. ಯಾರೂ ಯಾರಿಗೂ ಏನೂ ಹೇಳುತ್ತಿರಲಿಲ್ಲ. ಎಲ್ಲರ ಕೈಯಲ್ಲೂ ಒಂದೊಂದು ತುಂಬಿದ ಗಡಿಗೆ, ಎಲ್ಲಿ ಚೆಲ್ಲುತ್ತದೋ ಎಂದು ಎಲ್ಲರೂ ಮೆಲ್ಲಗೆ ನಡೆಯುತ್ತಿದ್ದೆವು. ನನಗೆ ಊಟ ಸೇರದು, ನಿದ್ದೆ ಬಾರದು.

ಕ್ಲಿಪ್ಪು ತೆಗೆಸಲು ಸವಣೂರಿಗೆ ಹೋದೆವು, ನಾನೂ ಅವಳೂ. ಬಾಗಿಲು ಹಾಕಿತ್ತು. ಪಕ್ಕದ ಅಂಗಡಿಯವನು, "ಡಾಕ್ಟರು ಇವತ್ತ ಹಾನಗಲ್ಲಿನ್ಯಾಗ ಕುಂದರ್ತಾರ್ರಿ ಯಜಮಾನ್ರ," ಎಂದ. ಮತ್ತೆ ಬಸ್ಸು. ಬಂಕಾಪುರದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾದೆವು. ಬಿಸಿಲು ಸುಡುತ್ತಿತ್ತು. ಬಸ್ಸು ಸಿಕ್ಕಾಗ ಕಿಟಕಿಯ ಪಕ್ಕ ಅವಳು ಕುಳಿತಳು. ಎರಡೂ ಕಡೆ ಗೋವಿನಜೋಳದ ಹೊಲ, ತೆನೆ ಒಣಗಿ ನಿಂತಿತ್ತು. ಅವಳು ಹೊರಗೆ ನೋಡುತ್ತಲೇ ಕೇಳಿದಳು:

"ಅಜ್ಜಾ, ನಾ ಸಾಯತೇನೇನು?"

"ಯಾಕ ಹಂಗ ಅಂತಿ?"

"ಯಾರೂ ಬೈಯವಲ್ರು." ಬೆರಳು ಮಡಿಸುತ್ತ ಒಂದೊಂದನ್ನೇ ಹೇಳಿದಳು. "ನಿನ್ನೆ ಹಾಲಿನ ಪಾತೇಲಿ ಉರುಳಿಸಿದೆ. ಅವ್ವ ಇರಲಿ ಬಿಡು ಅಂದಳು. ಅವ್ವ ಹಂಗ ಅನ್ನಾಕೇನು? ಮೊನ್ನೆ ಹೊತ್ತು ಏರೂ ತನಕಾ ಮಲಗಿದೆ, ಅಜ್ಜಿ ಹೊದಿಕಿ ಹೊಚ್ಚಿ ಹೋದಳು. ಫೋನ್ ಹಿಡಕೊಂಡು ಕುಂತಿದ್ದೆ. ಅಪ್ಪ ಬಂದಾ, ಈಗ ಕಸಗೋತಾನ ಅಂತ ನಾ ಮುಚ್ಚಿಟ್ಕೊಂಡೆ. ಚಾರ್ಜರ್ ತಂದು ಕೊಟ್ಟು ಹೋದಾ ಅಜ್ಜಾ!"

ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಏನೂ ಇಲ್ಲ ಬಿಡವ್ವಾ. ಗಾಬರಿ ಆಗಬ್ಯಾಡ," ಎಂದೆ.

ಅವಳು ತಿರುಗಿ ನನ್ನನ್ನೇ ನೋಡಿದಳು. "ಇದು ನಿನ್ನ ಸುದ್ದಿ ಮುಟ್ಸೂ ದನಿ. ನೀ ಫೋನಿನ್ಯಾಗ ಮಂದಿಗೆ ಹೇಳೂದು ಕೇಳೇನಿ ನಾ."

ಬಸ್ಸಿನ ತುಂಬ ಜನ. ನಾನು ಟವೆಲಿನಿಂದ ಮುಖ ಒರೆಸಿಕೊಂಡೆ.

"ಹಂಗಾರ ಬೈ ನನ್ನ," ಎಂದಳು. "ಬೈ ನೋಡೂನು."

"ಮಂಗ್ಯಾ," ಎಂದೆ. ದನಿ ಒಡೆಯಿತು. ಕೂಸಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಅಂದ ಹಾಗೆ ಬಂತು.

"ಅದು ಬೈಯೂದಲ್ಲ," ಎಂದು ಅವಳು ಮತ್ತೆ ಹೊರಗೆ ನೋಡತೊಡಗಿದಳು. ಹಾನಗಲ್ಲು ಬರುವವರೆಗೆ ನನ್ನ ಟವೆಲಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಡಿಸುತ್ತ ಇದ್ದಳು.

ಹಲ್ಲಿನ ಡಾಕ್ಟರು ಸಣ್ಣ ವಯಸ್ಸಿನವರು. ಮೊದಲು ತಂತಿ ಎಳೆದರು. ಆಮೇಲೆ ಸಣ್ಣ ಇಕ್ಕಳದಿಂದ ಒಂದೊಂದೇ ಕ್ಲಿಪ್ಪನ್ನು ಹಿಚುಕಿ ತೆಗೆದು ತಟ್ಟೆಗೆ ಹಾಕಿದರು. ಟಿಣ್ ಎಂದು ಸದ್ದಾಗುತ್ತಿತ್ತು. ಅಕ್ಕಿಯ ನುಚ್ಚಿನಷ್ಟು ಚೂರುಗಳು. ಇಷ್ಟು ಸಣ್ಣದು ಅಷ್ಟು ದೊಡ್ಡ ಕಲೆ ಮಾಡುತ್ತದೆಯೇ ಎಂದು ಕೇಳಿದೆ. "ಮಾಡತೈತ್ರಿ. ಆ ಮಷಿನ್ನು ಅಂದ್ರ ದೊಡ್ಡ ಅಯಸ್ಕಾಂತ. ಬಾಯಾಗ ಲೋಹ ಇತ್ತಂದ್ರ ಸುತ್ತಮುತ್ತಲಿನ ಚಿತ್ರ ಎಲ್ಲಾ ಕೆಡತೈತಿ," ಎಂದರು. ಕೇಳಿದೆ, ನಂಬಲಿಲ್ಲ. ಅವರ ದನಿಯೂ ಮೆತ್ತಗೇ ಇತ್ತು.

ಎರಡನೆಯ ಸಲ ಹುಬ್ಬಳ್ಳಿಗೆ ಹೊರಟ ದಿನವೇ ಗೋವಿನಜೋಳ ಒಕ್ಕುವ ಮಷಿನ್ನು ನಮ್ಮ ಹೊಲಕ್ಕೆ ಬರುವ ಸರದಿ. ಮಗ ಅದನ್ನು ಬಿಟ್ಟು ಬರುತ್ತೇನೆ ಎಂದ. "ಅಜ್ಜ ಸಾಕು," ಎಂದಳು ಅವಳು. ಅವನು ತಿರುಗಿ ಹೊಲದ ದಾರಿ ಹಿಡಿದ. ಚಪ್ಪಲಿ ಅದಲುಬದಲು ಮೆಟ್ಟಿಕೊಂಡಿದ್ದ.

ಒಳಗೆ ಅವಳ ಜೊತೆ ಒಬ್ಬರು ಇರಬಹುದು, ಆದರೆ ಮೈಮೇಲೆ ಲೋಹ ಇರಬಾರದು ಎಂದರು. ನಾನು ಉಂಗುರ ತೆಗೆದೆ. ಸೊಂಟದ ಬೆಳ್ಳಿ ಉಡದಾರ ಬಿಚ್ಚಿದೆ. ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ ಇತ್ತು. ಅದನ್ನು ಹಿಡಿದುಕೊಂಡು ನಿಂತುಬಿಟ್ಟೆ. ಲಿಂಗವನ್ನು ಮೈಯಿಂದ ದೂರ ಮಾಡಿದವನಲ್ಲ ನಾನು. ಇವತ್ತೇ ಮಾಡಲೇ? ಮಷಿನ್ನಿನ ಹುಡುಗ, "ಏನ್ರಿ ಅಜ್ಜಾರ?" ಎಂದ. ಹೇಳಿದೆ. "ಒಳಗಿನದು ಕಲ್ಲಲ್ರೀ? ಅದನ್ನ ಅರಿವ್ಯಾಗ ಕಟ್ಕೊರ್ರಿ, ಬೆಳ್ಳಿ ಅಷ್ಟ ಇಲ್ಲಿ ಇಡ್ರಿ," ಎಂದ. ಟವೆಲಿನ ಅಂಚು ಹರಿದು ಲಿಂಗವನ್ನು ಕಟ್ಟಿ ಕೊರಳಿಗೆ ಹಾಕಿಕೊಂಡೆ. ಆ ಹುಡುಗ ಮೊಮ್ಮಗಳ ಬಾಯಿ ತೆರೆಸಿ ನೋಡಿದ. ಏನೂ ಉಳಿದಿರಲಿಲ್ಲ. ಅವಳು ನಾಲಗೆಯಿಂದ ಹಲ್ಲನ್ನು ಸವರಿಕೊಳ್ಳುತ್ತ ಇದ್ದಳು.

ಕೊಳವೆಯೊಳಗೆ ಅವಳ ತಲೆ ಹೋಯಿತು, ಎದೆ ಹೋಯಿತು, ಪಾದ ಮಾತ್ರ ನನಗೆ ಉಳಿಯಿತು. ನನ್ನ ಕಿವಿಗೂ ಅರಳೆ ತುರುಕಿದ್ದರು. ಆದರೂ ಏನು ಸದ್ದು ಅದು! ಕೊಳವೆಬಾವಿ ಕೊರೆಯುವ ಹಾಗೆ ಒಮ್ಮೆ, ರಾಶಿ ಒಕ್ಕುವ ಮಷಿನ್ನಿನ ಹಾಗೆ ಒಮ್ಮೆ, ಯಾರೋ ಕಬ್ಬಿಣದ ಬಾಗಿಲು ಬಡಿಯುವ ಹಾಗೆ ಒಮ್ಮೆ. ಒಳಗೆ ಥಂಡಿ. ನಾನು ಅವಳ ಹೆಬ್ಬೆರಳನ್ನು ಹಿಡಿದುಕೊಂಡೇ ಇದ್ದೆ. ಅವಳು ಒಮ್ಮೆ ಬೆರಳು ಆಡಿಸಿದಳು. ಅಲ್ಲಾಡಬಾರದು ಎಂದು ಹೇಳಿದ್ದರು. ಬೈಯಬೇಕಿತ್ತು. ಬೈಯದೆ ಆ ಬೆರಳನ್ನೇ ಒತ್ತಿ ಹಿಡಿದೆ.

ಫಿಲ್ಮಿಗಾಗಿ ಕಾದು ಕುಳಿತ ಹೊತ್ತನ್ನು ಹೇಗೆ ಹೇಳಲಿ. ಬೆಂಚಿನ ಮೇಲೆ ಕುಳಿತಲ್ಲೇ ಕಣ್ಣು ಮುಚ್ಚುತ್ತಿತ್ತು, ಮುಚ್ಚಿದರೆ ಅಬಲೂರಿನ ಆಕೆಯ ಹಿಟ್ಟಿನ ಕೈ ಕಾಣುತ್ತಿತ್ತು. ಕಡೆಗೆ ಕರೆದರು.

ಡಾಕ್ಟರು ತಲೆ ಎತ್ತಲಿಲ್ಲ. ಕುರ್ಚಿ ಸರಿಸಿಕೊಡಲಿಲ್ಲ. ಬೆಳೆ ಕೇಳಲಿಲ್ಲ. ಹೊಸ ಚಿತ್ರಗಳನ್ನು ಒಂದೊಂದಾಗಿ ನೋಡಿ ಮುಗಿಸಿ, ಕನ್ನಡಕ ತೆಗೆದಿಟ್ಟು ಮೊಮ್ಮಗಳ ಕಡೆ ತಿರುಗಿದರು.

"ಮುಂಜಾನೆ ಏನ್ ತಿಂತಿ?"

"ಚಾ, ಬಿಸ್ಕೀಟು."

"ಮಧ್ಯಾಹ್ನ?"

ಅವಳು ನನ್ನ ಕಡೆ ಕದ್ದು ನೋಡಿದಳು.

"ರಾತ್ರಿ ಫೋನು ಎಷ್ಟೊತ್ತಿನ ತನಕಾ? ಹೇಳು, ಅಜ್ಜಾರ ಮುಂದನ ಹೇಳು. ಕಣ್ಣಿನ ಡಾಕ್ಟರು ಕನ್ನಡಕ ಬರಕೊಟ್ಟಾರ, ಎಲ್ಲೈತದು?"

"ಚೀಲದಾಗ."

"ಚೀಲಕ್ಕ ಕಣ್ಣದಾವೇನು? ಹಲ್ಲು ಛಂದ ಕಾಣಬೇಕು, ಕನ್ನಡಕ ಹಾಕ್ಕೊಂಡ್ರ ನಾಚಿಕಿ! ಉಪಾಸ ಇರ್ತಿ, ನಿದ್ದಿ ಕೆಡತಿ, ತಲಿ ನೋಯ್ಲಾರದ ಏನ್ ಮಾಡತೈತಿ? ಅರೆತಲೆನೋವು ಇದು. ಈ ಹೆಣ್ಣುಮಗಳ ಸಲುವಾಗಿ ನೀವು ಒಣಗಿ ಕಟಗಿ ಆಗೀರಲ್ರೀ ಅಜ್ಜಾರ! ಗುಳಿಗಿ ಬರದೇನಿ. ಹೊತ್ತಿಗೆ ಸರಿ ಉಣ್ಣಲಿಲ್ಲ ಅಂದ್ರ ಮತ್ತ ಬರಬ್ಯಾಡ ನನ್ನ ಕಡೆ!"

ಸಾಯುವವರನ್ನು ಯಾರೂ ಬೈಯುವುದಿಲ್ಲ. ಮತ್ತ ಬರಬ್ಯಾಡ ಅನ್ನುವುದಿಲ್ಲ. ಆದರೂ ಕೇಳಿದೆ: "ಡಾಕ್ಟರ್ರ, ಖರೇ ಹೇಳ್ರಿ. ಆ ಕಪ್ಪು ಕಲಿ?"

"ಹೋದ ಸಲ ಹೇಳಲಿಲ್ಲೇನ್ರಿ ನಾ? ಅದು ಕ್ಲಿಪ್ಪಿಂದು! ಈಗ ನೋಡ್ರಿ." ಹಳೆಯದನ್ನೂ ಹೊಸದನ್ನೂ ಜೋಡಿಸಿ ಹಿಡಿದರು. ಕಲೆ ಇದ್ದಲ್ಲಿ ಎರಡು ದುಂಡನೆಯ ಕಣ್ಣುಗುಡ್ಡೆ, ಅದರ ಹಿಂದೆ ಸೋರೆಬಳ್ಳಿಯ ಹಾಗೆ ನರಗಳು, ಎಲ್ಲ ಸ್ವಚ್ಛ. "ನಾ ಒಂದು ಹೇಳಿದ್ರ ನೀವೊಂದು ತಿಳಕೊಂಡು ಕುಂತೀರಿ. ಏನ್ ಮಂದಿ ನೀವು!"

ನನ್ನನ್ನೂ ಬೈದರು. ನಾನು ಎರಡೂ ಕೈ ಎತ್ತಿ ಮುಗಿದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು. ಪಾಪ, ಡಾಕ್ಟರು ಗಾಬರಿಯಾಗಿ ಈಗ ಕುರ್ಚಿ ತೋರಿಸಿದರು. ನಾನು ಕುಳಿತುಕೊಳ್ಳಲಿಲ್ಲ.

ಹೊರಗೆ ಬಂದು ಮನೆಗೆ ಫೋನು ಮಾಡಿದೆ. ನನ್ನ ಮನೆಯಾಕೆ ಎತ್ತಿದಳು. "ಏನೂ ಇಲ್ಲ" ಎಂದು ಹೇಳಹೊರಟು ನಾಲಗೆ ಕಚ್ಚಿಕೊಂಡೆ. ನನ್ನ ಬಾಯಲ್ಲಿ ಆ ಮಾತು ಬಂದರೆ ಅವಳು ಅಲ್ಲೇ ಕುಸಿಯುತ್ತಿದ್ದಳು.

"ಡಾಕ್ಟರು ಬೈದ್ರು," ಎಂದೆ.

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಆಮೇಲೆ, "ಯಾರನ್ನ್ರೀ?"

"ನಿನ್ನ ಮೊಮ್ಮಗಳನ್ನ. ನನ್ನನ್ನೂ."

"ಜೋರು ಬೈದ್ರೇನು?"

"ಜೋರಂದ್ರ ಏನು, ನಿನ್ನ ಮೀರಿಸಿದ್ರು."

ಫೋನಿನಲ್ಲಿ ಅವಳು ಅಳುವುದು ಕೇಳಿಸಿತು. ನಡುವೆಯೇ ಸೊಸೆಯನ್ನು ಕೂಗಿ ಕರೆಯುವುದೂ ಕೇಳಿಸಿತು. ಮಗಳು ಚಿಕ್ಕೇರೂರಿನಿಂದ ಸಂಜೆಯೊಳಗೆ ಹೊರಟು ಬಂದಳು. ನಾವು ಊರಿಗೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಬಸ್ಸಿನಲ್ಲಿ ಮೊಮ್ಮಗಳು ನನ್ನ ಭುಜಕ್ಕೆ ಒರಗಿ ಬಾಯಿ ತೆರೆದು ನಿದ್ದೆ ಮಾಡಿದ್ದಳು. ನಾನು ಮಾತ್ರ ಎಚ್ಚರವಾಗಿಯೇ ಇದ್ದೆ. ಇಷ್ಟು ದಿನದ ದಣಿವು ಈಗ ಕಾಲಿಗೆ ಇಳಿದಿತ್ತು. ಬಸ್ಸಿನ ಮೆಟ್ಟಿಲು ಇಳಿಯುವಾಗ ಅವಳೇ ನನ್ನ ಕೈ ಹಿಡಿದಳು.

ಆವತ್ತು ಸಂಜೆ ಪಡಸಾಲೆಯಲ್ಲಿ ಎಲ್ಲರೂ ದುಂಡಗೆ ಕುಳಿತೆವು. ಮಗನ ತಲೆಯ ಮೇಲೆ ಇನ್ನೂ ಗೋವಿನಜೋಳದ ಧೂಳು ಇತ್ತು. ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ. ನಡುವೆ ಬುಟ್ಟಿಯ ತುಂಬ ಕಟಕ್ ರೊಟ್ಟಿ. ಮುಂದಿನ ವಾರ ಮತ್ತೆ ಕ್ಲಿಪ್ಪು ಅಂಟಿಸುತ್ತಾರೆ. ಅಲ್ಲಿಯವರೆಗೆ ಹಲ್ಲು ಅವಳದೇ. ರೊಟ್ಟಿ ಮುರಿದು ಮುಂದಿನ ಹಲ್ಲಿನಿಂದ ಕಟಕಟ ಎಂದು ಕಡಿಯತೊಡಗಿದಳು. ಆ ಸದ್ದಿಗೆ ಒಂದು ಗಳಿಗೆ ಎಲ್ಲರೂ ಕೈ ನಿಲ್ಲಿಸಿದೆವು.

ಮೊದಲು ಬಾಯಿ ಬಿಟ್ಟವಳು ಸೊಸೆ. "ಮೆಲ್ಲಕ ತಿನ್ನ ಹುಡುಗಿ, ಹಲ್ಲು ಮುರದೀತು! ಮೊನ್ನೆ ಅಷ್ಟು ಹಾಲು ಚೆಲ್ಲಿದಿ, ಕಣ್ಣು ಎಲ್ಲಿಟ್ಟಿದ್ದಿ?"

"ಕನ್ನಡಕ ಚೀಲದಾಗಿಟ್ಟಾಳಂತ, ಇನ್ನೆಲ್ಲಿ ಕಾಣಬೇಕು," ಎಂದಳು ಮಗಳು.

"ಹೊತ್ತು ಏರೂ ತನಕಾ ಮಲಗು, ಕೋಣನ ಹಂಗ," ಎಂದಳು ನನ್ನ ಮನೆಯಾಕೆ, ಇನ್ನೊಂದು ರೊಟ್ಟಿ ಅವಳ ಗಂಗಾಳಕ್ಕೆ ಹಾಕುತ್ತ.

ಮಗ ಎಡಗೈ ಚಾಚಿ ಅವಳ ಪಕ್ಕದಲ್ಲಿದ್ದ ಫೋನು ಎತ್ತಿ ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ. ಅವಳು, "ಅಪ್ಪಾ!" ಎಂದು ಕೂಗಿದಳು. ಕೂಗಿದವಳು ನನ್ನ ಕಡೆ ನೋಡಿ, ಬಾಯಿಯ ತುಂಬ ರೊಟ್ಟಿ ಇಟ್ಟುಕೊಂಡೇ ನಕ್ಕಳು. ಎಷ್ಟು ದಿನದ ಮೇಲೆ ಹಲ್ಲು ಬಿಟ್ಟು ನಕ್ಕಳೋ.

ನಾನು ಏನೋ ಅನ್ನಬೇಕೆಂದಿದ್ದೆ. ತುತ್ತು ಕೈಯಲ್ಲಿ ಹಿಡಿದಂತೆಯೇ ಕಣ್ಣು ಮುಚ್ಚಿಹೋಯಿತು.

"ಏನ್ರೀ, ಗಂಗಾಳದ ಮುಂದ ಕುಂತು ತೂಕಡಸ್ತೀರಿ, ವಯಸ್ಸಾತು ಬುದ್ಧಿ ಬರಲಿಲ್ಲ. ಉಣ್ರಿ ಮೊದಲ!" ಎಂದು ನನ್ನ ಮನೆಯಾಕೆ ಕೂಗಿದಳು.

ಕಣ್ಣು ತೆರೆದು, ಚಟ್ನಿ ಹಚ್ಚಿಕೊಂಡು, ನಾನೂ ಉಂಡೆ.